ಗುಡ್ಡದ ಆಕಾರಕ್ಕೆ ಬರೆದ ಅಂಕಿಗಳು

ಆರುನೂರು ಅಂಕಿಗಳಲ್ಲಿ ಸೊನ್ನೆ ಒಂದೂ ಇರಲಿಲ್ಲ. ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಕೈ ತೊಳೆಯಲು ಏಳಬೇಕಾದವಳು ಹಾಗೇ ಕೂತುಬಿಟ್ಟೆ. ಮತ್ತೊಮ್ಮೆ ಹಾಳೆ ತಿರುವಿದೆ. ಇಲ್ಲ, ಒಂದೂ ಇಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಿರಾಕಿ ಕಂಪನಿಯ ಎಂಜಿನಿಯರ್ ಬರುವವರಿದ್ದರು. ಅವರ ಮುಂದೆ ಆ ಹಾಳೆಗಳ ಕೆಳಗೆ ನನ್ನ ಸಹಿ ಬೀಳಬೇಕಿತ್ತು.

ಯಾವ ಅಂಕಿ, ಯಾವ ಸಹಿ ಅಂತ ಮೊದಲೇ ಹೇಳಿಬಿಡುತ್ತೇನೆ. ಹೈದರಾಬಾದಿನ ಅಂಚಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿಗೆ ವಾಲ್ವು ಇರುತ್ತದಲ್ಲ, ಅದರೊಳಗೆ ಹಿಂದೆ ಮುಂದೆ ಸರಿಯುವ ಎಂಟು ಮಿಲಿಮೀಟರ್ ದಪ್ಪದ ಉಕ್ಕಿನ ಪಿನ್ನು ನಮ್ಮಲ್ಲಿ ತಯಾರಾಗುತ್ತಿತ್ತು. ಪಿನ್ನು ತೆಳ್ಳಗಾದರೆ ಗಾಳಿ ಸೋರುತ್ತದೆ. ದಪ್ಪಗಾದರೆ ಬಿಗಿದು ಕೂತುಕೊಂಡು, ಬೇಕಾದ ಹೊತ್ತಿಗೆ ವಾಲ್ವು ತೆರೆಯುವುದೇ ಇಲ್ಲ. ಎಂಟು ಮಿಲಿಮೀಟರಿಗಿಂತ ಇಪ್ಪತ್ತು ಮೈಕ್ರಾನ್ ಹೆಚ್ಚು ಅಥವಾ ಇಪ್ಪತ್ತು ಕಮ್ಮಿ ಇರಬಹುದು, ಅದರಾಚೆ ಇಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಮೊದಲೆಲ್ಲ ಪಾಸು, ಫೇಲು ಅಂತ ಎರಡೇ ಮಾತು ಸಾಕಾಗಿತ್ತು. ಆ ವರ್ಷ ಗಿರಾಕಿ ಕಂಪನಿ ಹೊಸ ಫಾರಂ ಕಳಿಸಿತು. ಒಂದು ಸಲಕ್ಕೆ ಕಳಿಸುವ ಮಾಲಿಗೆ ಲಾಟು ಅನ್ನುತ್ತಾರೆ; ಪ್ರತಿ ಲಾಟಿನಿಂದ ಇನ್ನೂರು ಪಿನ್ನುಗಳ ಅಳತೆ ಬರೆಯಬೇಕು, ಅದರ ಮೇಲೆ ಸಂಭವದ ರೇಖೆ ಎಳೆಯಬೇಕು, ಇಡೀ ಲಾಟಿನಲ್ಲಿ ಎಷ್ಟು ಪಾಲು ಮಿತಿ ದಾಟಬಹುದು ಅಂತ ಬರೆದು ಜವಾಬ್ದಾರರು ಸಹಿ ಹಾಕಬೇಕು. ಈ ಕೆಲಸಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ಹೈದರಾಬಾದಿನಲ್ಲೇ ತಾರ್ನಾಕದ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳು ನಾನು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಮೊದಲೆರಡು ಲಾಟು ನನ್ನ ಸಹಿಯ ಮೇಲೆಯೇ ಹೋಗಿದ್ದವು. ಇದು ಮೂರನೆಯದು.

ಅಳತೆ ಬರೆಯುತ್ತಿದ್ದವರು ನಮ್ಮ ತಪಾಸಣೆ ಮೇಜಿನ ಹಿರಿಯರು. ಬೀದರ್ ಕಡೆಯವರು, ಆ ಮೇಜಿನ ಮುಂದೆ ಇಪ್ಪತ್ತಾರು ವರ್ಷ ಕೂತವರು. ಕಾರ್ಖಾನೆಯಲ್ಲಿ ತೆಲುಗು, ಉರ್ದು ಬಿಟ್ಟರೆ ಬೇರೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಮೊದಲ ದಿನ ನಾನು ನೀರಿನ ಹೂಜಿ ಹುಡುಕುತ್ತಿದ್ದಾಗ ಅವರು, "ಯಾವ ಕಡೀಯಕಿ ಅವ್ವಾ ನೀ? ಮುಖ ನೋಡಿದ್ರ ನಮ್ಮ ಕಡೀಯಕಿ ಕಂಡಂಗ ಕಾಣತಿ" ಅಂದರು. ನಮ್ಮಜ್ಜನ ಊರು ಹುಮನಾಬಾದ್ ಅಂದೆ. ಅಷ್ಟೇ, ಅವತ್ತಿನಿಂದ ಅವರು ನನಗೆ ಕಾಕಾ. ಊಟಕ್ಕೆ ಅವರ ಮೇಜಿನ ತುದಿಯಲ್ಲೇ ನನಗೂ ಒಂದು ಜಾಗ. ಅವರ ಡಬ್ಬಿಯ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಅರ್ಧ ನನ್ನ ರೊಟ್ಟಿಗೆ ಬೀಳುತ್ತಿತ್ತು.

ಕಾಕಾನ ಆಸ್ತಿ ಎರಡು ಉಕ್ಕಿನ ರಿಂಗು. ದೊಡ್ಡದರೊಳಗೆ ಪಿನ್ನು ಹೋಗಬೇಕು, ಸಣ್ಣದರೊಳಗೆ ಹೋಗಬಾರದು. ಈ ಎರಡೂ ಪರೀಕ್ಷೆ ದಾಟಿದರೆ ಪಾಸು. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಅವನ್ನು ಡ್ರಾಯರಿನಲ್ಲಿಡುತ್ತಿದ್ದರು, ಬೇರೆಯವರು ಮುಟ್ಟಿದರೆ ಬೆಂಕಿ ಆಗುತ್ತಿದ್ದರು. ಪಿನ್ನು ರಿಂಗಿನೊಳಗೆ ಸರಿಯುವ ರೀತಿ ನೋಡಿಯೇ, "ಇದು ಮುಂಜಾನಿ ಪಾಳಿ ಮಾಲು, ಇದು ಸಂಜಿ ಪಾಳಿ ಮಾಲು" ಅನ್ನುವಷ್ಟು ಪಳಗಿದ ಕೈ ಅವರದು.

ಹೊಸ ಫಾರಮ್ಮಿಗೆ ರಿಂಗು ಸಾಲದು. ಅದಕ್ಕೆ ಡಯಲ್ ಗೇಜು ಬಂತು. ಪಿನ್ನನ್ನು ಅದರ ಮೂತಿಯ ಕೆಳಗಿಟ್ಟರೆ ಮುಳ್ಳು ತಿರುಗುತ್ತದೆ. ಸರಿಯಾಗಿ ಎಂಟು ಮಿಲಿಮೀಟರ್ ಆದರೆ ಸೊನ್ನೆ, ದಪ್ಪಗಿದ್ದಷ್ಟೂ ಬಲಕ್ಕೆ, ತೆಳ್ಳಗಿದ್ದಷ್ಟೂ ಎಡಕ್ಕೆ. ಒಂದು ಗೆರೆಗೆ ಒಂದು ಮೈಕ್ರಾನ್. ಈ ಅಂಕಿಗಳಿಂದ ಏನು ಮಾಡುತ್ತೇನೆ ಅಂತ ಕಾಕಾಗೆ ವಿವರಿಸಲು ಹೋಗಿದ್ದೆ. ನಿರಂತರವಾಗಿ ಬದಲಾಗುವ ಅಳತೆಯಲ್ಲಿ ಯಾವುದೇ ಎರಡು ಬೆಲೆಗಳ ನಡುವೆ ಇನ್ನೊಂದು ಇದ್ದೇ ಇರುತ್ತದೆ, ಆದ್ದರಿಂದ ಕರಾರುವಾಕ್ಕಾಗಿ ಒಂದೇ ಬೆಲೆ ಬರುವ ಸಂಭವ ಸೊನ್ನೆ, ಇಲ್ಲಿಂದ ಅಲ್ಲಿಯವರೆಗೆ ಅಂತ ಹೇಳಿದರೆ ಮಾತ್ರ ಸಂಭವ ಹೇಳಬಹುದು ಅಂತೆಲ್ಲ ಕೊರೆದೆ.

ಕಾಕಾ ಕಣ್ಣು ಕಿರಿದು ಮಾಡಿದರು. "ಒಂದ ಅಳತಿಗೆ ಸಂಭವ ಸೊನ್ನಿ ಅಂತಿ. ಮತ್ತ ನನ್ನ ಕೈಯಾಗ ಐತೆಲ್ಲ ಈ ಪಿನ್ನು, ಇದೇನು ದೆವ್ವನ?"

ನಕ್ಕು ನಕ್ಕು ಸಾಕಾಯಿತು. ಹಳೇ ಫಾರಮ್ಮಿನ ಹಿಂಬದಿಯಲ್ಲಿ ಗಂಟೆಯಾಕಾರದ ರೇಖೆ ಎಳೆದು ತೋರಿಸಿದೆ. "ನೋಡ್ರಿ ಕಾಕಾ, ಇದು ಸಾಂದ್ರತೆ ರೇಖೆ. ನಡುವ ಪಿನ್ನು ಒತ್ತಾಗಿರತಾವು, ಆಚೀಚೆ ಹೋದಂಗ ತೆಳ್ಳಗಾಗತಾವು. ರೇಖೆ ಎತ್ತರ ಸಂಭವ ಅಲ್ಲ, ರೇಖೆ ಕೆಳಗಿನ ಜಾಗಾ ಸಂಭವ. ಪೂರಾ ಜಾಗಾ ಸೇರಿದ್ರ ಒಂದು. ಇಪ್ಪತ್ತರ ಗೆರಿ ದಾಟಿದ ಬಾಲದ ಜಾಗಾ ಎಷ್ಟೈತಿ, ಅಷ್ಟು ಪಾಲು ಮಾಲು ಕೆಟ್ಟದ್ದು."

"ಗುಡ್ಡ ಇದ್ದಂಗ ಐತಿ" ಅಂದರು ಕಾಕಾ. ಆ ಚೀಟಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನನಗೆ ಹೆಮ್ಮೆ. ಮೇಷ್ಟ್ರಾದರೂ ಆಗಬಹುದಿತ್ತು ನಾನು, ಅಂತ ಒಳಗೊಳಗೇ ಬೀಗಿದೆ. ಮೊದಲ ಲಾಟಿನ ಇನ್ನೂರು ಅಂಕಿ ಬಂದಾಗ ಚೆಂದದ ಗುಡ್ಡವೇ ಮೂಡಿತು, ಪುಸ್ತಕದಲ್ಲಿ ಇರುವಂಥದ್ದೇ. "ಭೇಷ್ ಕಾಕಾ!" ಅಂದುಬಿಟ್ಟೆ. ಎರಡನೇ ಲಾಟಿಗೂ ಅದೇ ಗುಡ್ಡ.

ಗುರುವಾರ ಮೂರೂ ಲಾಟಿನ ಅಂಕಿ ಒಟ್ಟಿಗೆ ಹಾಕಿ, ಒಂದೊಂದು ಮೈಕ್ರಾನಿಗೆ ಒಂದೊಂದು ಕಂಬ ಬರುವಂತೆ ಗ್ರಾಫ್ ಹಾಳೆ ತುಂಬಿದೆ. ಅಲ್ಲಿಯವರೆಗೆ ನಾಲ್ಕು ನಾಲ್ಕು ಮೈಕ್ರಾನಿನ ಅಗಲ ಕಂಬಗಳನ್ನು ಹಾಕುತ್ತಿದ್ದೆ, ಆದ್ದರಿಂದ ಏನೂ ಕಂಡಿರಲಿಲ್ಲ. ಈಗ ಗುಡ್ಡದ ನಡುನೆತ್ತಿಯಲ್ಲೇ ಒಂದು ತೂತು. ಸೊನ್ನೆ ಇಲ್ಲ. ನಿಜವಾದ ಅಳತೆಯಾಗಿದ್ದರೆ ಆರುನೂರರಲ್ಲಿ ಮೂವತ್ತು ನಲವತ್ತು ಸೊನ್ನೆ ಬರಬೇಕಿತ್ತು. ಐದು, ಹತ್ತರಂಥ ದುಂಡು ಅಂಕಿ ಕೂಡ ಎಲ್ಲೋ ಒಂದೊಂದು. ಇನ್ನೊಂದು ನೋಡಿದೆ: ಒಂದೇ ಅಂಕಿ ಒಂದರ ಹಿಂದೊಂದು ಎರಡು ಸಲ ಬಂದದ್ದು ಆರುನೂರರಲ್ಲಿ ಒಮ್ಮೆಯೂ ಇರಲಿಲ್ಲ. ತನ್ನಷ್ಟಕ್ಕೆ ಬರುವ ಅಂಕಿಗಳಲ್ಲಿ ಹಾಗೆ ಇಪ್ಪತ್ತೈದು ಮೂವತ್ತು ಸಲವಾದರೂ ಆಗಬೇಕು. ಪಿನ್ನಿಗೆ ತನ್ನ ಹಿಂದಿನ ಪಿನ್ನಿನ ನೆನಪಿರುವುದಿಲ್ಲ. ನೆನಪಿರುವುದು ಮನುಷ್ಯನಿಗೆ.

ಕಾಕಾ ಆಗ ಎದುರಿಗೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಏನವ್ವಾ, ಗುಡ್ಡ ಸರಿ ಬಂತಿಲ್ಲೋ?" ಅಂದರು. "ಬಂತ್ರಿ ಕಾಕಾ" ಅಂದು ಹಾಳೆ ತಿರುಗಿಸಿ ಇಟ್ಟೆ.

ಶುಕ್ರವಾರ ಕಾಕಾ ರಜೆ, ಬೀದರಿನಲ್ಲಿ ಯಾರದೋ ನಿಶ್ಚಯ. ಮೂರನೇ ಲಾಟಿನ ಪಾಸಾದ ಡಬ್ಬಿಗಳಿಂದ ಅಲ್ಲೊಂದು ಇಲ್ಲೊಂದು ನೂರು ಪಿನ್ನು ಆರಿಸಿಕೊಂಡು ಡಯಲ್ ಗೇಜಿನ ಮುಂದೆ ಕೂತೆ. ಮೊದಲ ಮೂವತ್ತರ ಅಳತೆ ಹಾಳಾಯಿತು. ಕಿಟಕಿಯ ಬಿಸಿಲು ಗೇಜಿನ ಕಾಲಿಗೆ ಬೀಳುತ್ತಿತ್ತು, ಅದು ನನ್ನ ಬುದ್ಧಿಗೆ ಹೊಳೆದದ್ದು ಮುಳ್ಳು ಮೆಲ್ಲಗೆ ಒಂದೇ ಕಡೆ ಜಾರುತ್ತಿರುವುದನ್ನು ಕಂಡ ಮೇಲೆ. ಮೇಜನ್ನು ಗೋಡೆಯ ಕಡೆ ಎಳೆಸಿದೆ. ಒಂದು ತಾಸು ತಣ್ಣಗಾಗಲು ಬಿಟ್ಟೆ. ಆಮೇಲೆ ಪ್ರತಿ ಹತ್ತು ಪಿನ್ನಿಗೊಮ್ಮೆ ಕರಾರುವಾಕ್ಕಾಗಿ ಎಂಟು ಮಿಲಿಮೀಟರಿನ ಮಾಸ್ಟರ್ ಪಿನ್ನು ಇಟ್ಟು ಸೊನ್ನೆ ಸರಿ ಮಾಡಿಕೊಳ್ಳುವುದು, ಪಿನ್ನನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸುವುದು, ಬೆರಳಿನ ಬಿಸಿ ತಾಗಿದರೂ ಒಂದು ಗೆರೆ ಹೆಚ್ಚು ತೋರುತ್ತದೆಂದು ಚಿಮಟದಲ್ಲಿ ಹಿಡಿಯುವುದು. ಯಾರಾದರೂ ಬಂದು ಏನು ಮಾಡುತ್ತಿದ್ದೀಯ ಅಂತ ಕೇಳಿದರೆ ಏನು ಹೇಳಲಿ ಅಂತ ಒಂದೇ ಸಮ ಬಾಗಿಲ ಕಡೆ ನೋಡುತ್ತಿದ್ದೆ. ಕಳ್ಳತನ ಮಾಡುತ್ತಿರುವವಳು ನಾನೇ ಏನೋ ಅನ್ನುವ ಹಾಗೆ.

ನೂರು ಮುಗಿಸಿ ಗ್ರಾಫ್ ಹಾಕಿದರೆ, ಗುಡ್ಡ ಒಂದಲ್ಲ, ಎರಡು! ಒಂದರ ನೆತ್ತಿ ಸೊನ್ನೆಯ ಎಡಕ್ಕೆ ನಾಲ್ಕರ ಹತ್ತಿರ. ಇನ್ನೊಂದರದು ಬಲಕ್ಕೆ ಹದಿನೈದರ ಹತ್ತಿರ. ನಡುವೆ ಕಣಿವೆ. ಎರಡು ತಿಂಗಳ ಹಿಂದೆ ಹೊಸ ಗ್ರೈಂಡಿಂಗ್ ಮಷೀನು ಬಂದಿತ್ತು. ಹಳೆಯದರ ಮಾಲು, ಹೊಸದರ ಮಾಲು ಒಂದೇ ತೊಟ್ಟಿಗೆ ಬೀಳುತ್ತಿತ್ತು. ಹೊಸದು ದಪ್ಪದ ಕಡೆ ವಾಲಿದೆ, ಯಾರಿಗೂ ಗೊತ್ತಿಲ್ಲ. ನನ್ನ ಹಾಳೆಯ ಚೆಂದದ ಒಂಟಿ ಗುಡ್ಡದ ಕೆಳಗೆ ಬಾಲದ ಜಾಗ ಹಿಡಿದು, ಮಿತಿ ದಾಟುವ ಮಾಲು ಹೆಚ್ಚು ಕಮ್ಮಿ ಇಲ್ಲವೇ ಇಲ್ಲ ಅಂತ ಎರಡು ಸಲ ಸಹಿ ಹಾಕಿದ್ದೆನಲ್ಲ, ಆ ಲೆಕ್ಕಕ್ಕೆ ಕಾಸಿನ ಕಿಮ್ಮತ್ತಿಲ್ಲ.

ಇನ್ನೂ ಇತ್ತು. ಮೂರು ಪಿನ್ನು ಇಪ್ಪತ್ತರ ಗೆರೆ ದಾಟಿದ್ದವು. ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೆರಡು. ಅಳತೆಯಲ್ಲೇ ಒಂದೆರಡು ಗೆರೆ ಆಚೀಚೆ ಆಗುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಮೂರನ್ನೂ ಹತ್ತತ್ತು ಸಲ ಅಳೆದೆ. ಒಂದು ಇಪ್ಪತ್ತರ ಆಸುಪಾಸಿನಲ್ಲೇ ತೂಗಾಡಿತು. ಉಳಿದೆರಡು ಸರಾಸರಿಯಲ್ಲೂ ಗೆರೆಯ ಆಚೆಗೇ ನಿಂತವು. ಕಾಕಾನ ರಿಂಗು ಇವನ್ನು ಬಿಟ್ಟದ್ದಾದರೂ ಹೇಗೆ? ಅವರ ಡ್ರಾಯರು ತೆರೆದು, ಎಣ್ಣೆ ಬಟ್ಟೆ ಬಿಚ್ಚಿ ದೊಡ್ಡ ರಿಂಗು ತೆಗೆದೆ. ಆ ಎರಡೂ ಪಿನ್ನು ರಿಂಗಿನೊಳಗೆ ಬೆಣ್ಣೆಯಲ್ಲಿ ಸರಿದಂತೆ ಸರಿದವು. ರಿಂಗು ಸವೆದಿತ್ತು. ಲಕ್ಷಾಂತರ ಪಿನ್ನು ದಾಟಿ ದಾಟಿ ಒಳಗಿನ ಉಕ್ಕೇ ಸವೆದಿತ್ತು. ಡಯಲ್ ಗೇಜಿನಲ್ಲಿ ನಿಜಕ್ಕೂ ಅಳೆದಿದ್ದರೆ ಮೊದಲ ಲಾಟಿನಲ್ಲೇ ಗೊತ್ತಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಕಾಕಾ ಬೀದರಿನಿಂದ ಪೇಢೆ ತಂದಿದ್ದರು. ಪೇಢೆ ಕೈಯಲ್ಲಿಟ್ಟುಕೊಂಡೇ ಕೇಳಿದೆ. "ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಈ ಅಂಕಿ ಗೇಜಿನ್ಯಾಗ ನೋಡಿ ಬರದವೇನ್ರಿ?"

ಕಾಕಾ ಮುಚ್ಚುಮರೆ ಏನೂ ಇಲ್ಲದೆ, "ಇಲ್ಲವ್ವಾ" ಅಂದರು. "ಮೊದಲನೇ ದಿನ ನೋಡೀನಿ. ಅದೇ ಪಿನ್ನು ಒಂದು ಸಲ ಇಟ್ರ ಏಳು ಅಂತು. ತೆಗದು ಮತ್ತ ಇಟ್ರ ಒಂಬತ್ತು ಅಂತು. ಒಂದ ಪಿನ್ನಿಗೆ ಎರಡು ಮಾತು ಆಡೋ ಯಂತ್ರನ ಹ್ಯಾಂಗ ನಂಬೋದು? ನನ್ನ ರಿಂಗು ಹಂಗಲ್ಲ. ಹೌದು ಅಂದ್ರ ಹೌದು, ಇಲ್ಲ ಅಂದ್ರ ಇಲ್ಲ. ರಿಂಗಿನ್ಯಾಗ ಒಂದೊಂದೂ ಹಾಕಿ ನೋಡೀನಿ, ಆಣಿ ಮಾಡಿ ಹೇಳತೀನಿ, ಒಂದನ್ನೂ ಬಿಟ್ಟಿಲ್ಲ. ಅಂಕಿ ಏನು, ಬರೇ ಅವರ ಫೈಲಿಗೆ."

"ಮತ್ತ ಅಂಕಿ ಎಲ್ಲಿಂದ ಬಂದ್ವು?"

ಕಾಕಾ ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದರು. ನನ್ನದೇ ರೇಖೆ. ಮಡಿಕೆಯಲ್ಲಿ ಹರಿಯಲು ಬಂದಿತ್ತು. "ನೀನ ತೋರಿಸಿದ್ದೆಲ್ಲವ್ವಾ, ಗುಡ್ಡ ಹಿಂಗ ಬರಬೇಕು ಅಂತ. ನಡುವ ಭಾಳ, ಆಚೀಚೆ ಕಡಿಮಿ. ಹಂಗ ಬರದೀನಿ. ಮೊದಲನೇ ಸಲ ನೋಡಿ ಭೇಷ್ ಅಂದಿ. ಸರಿ ಐತಿ ಅಂತ ಅದನ್ನ ಮುಂದುವರಿಸಿದೆ."

"ಸೊನ್ನಿ ಯಾಕ ಬರೀಲಿಲ್ರಿ ಒಂದೂ?"

"ಸೊನ್ನಿ ಬರದ್ರ ಅಳದ ಇಲ್ಲ ಅಂತ ತಿಳಕೋತಾರಲ್ಲ!" ಅಂದರು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ. "ಒಂದ ಅಂಕಿ ಎರಡು ಸಲ ಸಾಲಾಗಿ ಬರದ್ರ ಮ್ಯಾಲಿಂದು ನೋಡಿ ಇಳಿಸ್ಯಾನ ಅಂತಾರ."

ನಗಬೇಕೋ ಅಳಬೇಕೋ. ಅಳತೆಯೇ ಅಲ್ಲಾಡುತ್ತದೆ, ಒಂದೇ ಪಿನ್ನನ್ನು ನೂರು ಸಲ ಅಳೆದರೂ ಅದಕ್ಕೇ ಒಂದು ಸಣ್ಣ ಗುಡ್ಡ ಇರುತ್ತದೆ, ಅದು ಯಂತ್ರದ ಸುಳ್ಳಲ್ಲ ಅಂತ ನಾನು ಮೊದಲ ದಿನವೇ ಹೇಳಬೇಕಿತ್ತು. ಅದನ್ನು ಬಿಟ್ಟು ಉತ್ತರದ ಆಕಾರ ಬರೆದುಕೊಟ್ಟಿದ್ದೆ. ಪ್ರಶ್ನೆಪತ್ರಿಕೆಯ ಜೊತೆ ಉತ್ತರವನ್ನೂ ಹಂಚಿ, ಎಲ್ಲರೂ ಪಾಸಾದರೆಂದು ಹಿಗ್ಗಿದ ಮೇಷ್ಟ್ರು ನಾನು. ಆಮೇಲೆ ರಿಂಗಿನ ವಿಷಯ ಹೇಳಿದೆ. ಕಾಕಾ ಆ ಎರಡು ಪಿನ್ನನ್ನು ರಿಂಗಿನಲ್ಲಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಡ್ರಾಯರು ತೆರೆದು ರಿಂಗು ಮುಟ್ಟಿದವರು ಯಾರು ಅಂತ ಕೂಡ ಕೇಳಲಿಲ್ಲ.

ಮ್ಯಾನೇಜರ್ ಹತ್ತಿರ ನಾನೊಬ್ಬಳೇ ಹೋದೆ. ತೆಲುಗಿನವರು, ಕೆಟ್ಟ ಮನುಷ್ಯರಲ್ಲ, ಆದರೆ ಗಿರಾಕಿ ಅಂದರೆ ಜೀವ ಅಂಗೈಯಲ್ಲಿ. ಎರಡು ಗುಡ್ಡದ ಗ್ರಾಫು ನೋಡಿ ತಲೆ ಹಿಡಿದುಕೊಂಡರು.

"ಚೂಡಮ್ಮಾ," ಅಂದರು, ನೋಡಮ್ಮಾ ಅಂತ. ಆಮೇಲಿನದನ್ನೂ ತೆಲುಗಿನಲ್ಲೇ ತಗ್ಗಿದ ದನಿಯಲ್ಲಿ ಹೇಳಿದರು. "ಮೂರನೇ ಲಾಟನ್ನು ಭಾನುವಾರ ಇಬ್ಬರನ್ನು ಕರೆಸಿ ನೀನೇ ಅಳೆದು ಸರಿ ಮಾಡು. ಮಷೀನು ಸೋಮವಾರದೊಳಗೆ ಸೆಟ್ ಮಾಡಿಸುತ್ತೇನೆ. ಹೋದ ಎರಡು ಲಾಟಿನ ಮಾತು ಎತ್ತಬೇಡ. ಎತ್ತಿದರೆ ಯಾರು ಬರೆದದ್ದು ಅಂತ ಕೇಳುತ್ತಾರೆ. ಆ ಹಿರಿಯನನ್ನು ಆ ಮೇಜಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನಿನ್ನನ್ನೂ ಆಗುವುದಿಲ್ಲ."

"ಮೊದಲಿನ ಎರಡರಲ್ಲಿ ದಪ್ಪ ಪಿನ್ನು ಇದ್ದರೆ ಸರ್?"

"ಎಷ್ಟಿರಬಹುದು?"

"ನೂರರಲ್ಲಿ ಎರಡು, ಮೂರು. ಗೊತ್ತಿಲ್ಲ ಸರ್. ಸಂಭವ ಅಷ್ಟೇ ಹೇಳಬಲ್ಲೆ."

"ಸಂಭವ ಅಂತಲೇ ಇಟ್ಟುಕೋ" ಅಂದರು.

ಭಾನುವಾರ ಇಡೀ ದಿನ ಅಳೆದೆವು. ಮೂರನೇ ಲಾಟು ಚೊಕ್ಕಟವಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಹುಡುಕಿ ಹುಡುಕಿ ತಲೆ ಸಿಡಿಯುತ್ತಿತ್ತು. ನಾನು ಸುಮ್ಮನಿದ್ದರೆ ಕಾಕಾನ ಇಪ್ಪತ್ತಾರು ವರ್ಷದ ಮೇಜು ಉಳಿಯುತ್ತದೆ. ಆದರೆ ಯಾವುದೋ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಸಿಲಿಂಡರಿನ ಕೀಲಿ ತಿರುವಿ ತಿರುವಿ, ಅದು ಕದಲದೆ, ಮಂಚದ ಕಡೆ ತಿರುಗಿ ನೋಡುತ್ತಾಳೆ. ಆ ನರ್ಸಿನ ಕೈ ನನ್ನ ತಲೆಯಿಂದ ಹೋಗಲಿಲ್ಲ. ಪುಸ್ತಕದಲ್ಲಿ ಬಾಲದ ಜಾಗ ಅಂದರೆ ಪೆನ್ಸಿಲಿನಲ್ಲಿ ಗೀಚಿದ ಒಂದು ಚೂರು ಕಪ್ಪು. ಆ ಚೂರಿನೊಳಗೂ ಜನ ಇರುತ್ತಾರೆ ಅಂತ ಯಾರೂ ಕಲಿಸಿರಲಿಲ್ಲ.

ಸೋಮವಾರ ಸಿಕಂದರಾಬಾದಿನಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಒಂದು ಹಾಳೆ ಬರೆದೆ. ಒಂದು: ಕಳಿಸಿದ ಎರಡೂ ಲಾಟಿನ ಅಂಕಿಗಳು ಅಳೆದವಲ್ಲ. ಎರಡು: ರಿಂಗು ಸವೆದಿದೆ, ಮಾಲು ವಾಪಸು ತರಿಸಬೇಕು. ಮೂರು: ಅಂಕಿಗಳು ಯಾವ ಆಕಾರದಲ್ಲಿ ಬರಬೇಕೆಂದು ಅಳತೆಗೆ ಮೊದಲೇ ಚಿತ್ರ ಬರೆದುಕೊಟ್ಟವಳು ನಾನು. ಮೂರನೆಯದನ್ನು ಬರೆಯುವಾಗ ಬಸ್ಸು ಕುಲುಕಾಡುತ್ತಿತ್ತು. ಅಕ್ಷರ ಕೆಟ್ಟು ಹೋದವು ಅಂತ ಮತ್ತೊಮ್ಮೆ ಸರಿಯಾಗಿ ಬರೆದೆ. ಹಾಗೆ ನಿಶ್ಚಯ ಮಾಡಿಕೊಂಡ ಮೇಲೆ ಗುರುವಾರದಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

ಎಂಜಿನಿಯರ್ ಹತ್ತಕ್ಕೆ ಸರಿಯಾಗಿ ಬಂದರು. ಉರ್ದು ಮಾತಿನ ಮೃದು ಮನುಷ್ಯ, ಕೈಯಲ್ಲೊಂದು ಮರದ ಪೆಟ್ಟಿಗೆ. ಅವರು ಫೈಲು ತೆರೆಯುವ ಮೊದಲೇ, "ಸರ್, ಒಂದು ನಿಮಿಷ. ಮೊದಲೆರಡು ಲಾಟಿನ ಅಂಕಿ ಸುಳ್ಳು" ಅಂದುಬಿಟ್ಟೆ. ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ನಾನು ಎರಡು ಗುಡ್ಡದ ಹಾಳೆ ಹರಡಿ, ಎರಡು ದಪ್ಪ ಪಿನ್ನು ಪಕ್ಕದಲ್ಲಿಟ್ಟು, ಒಂದೇ ಉಸಿರಿನಲ್ಲಿ ರಿಂಗಿನವರೆಗೂ ಹೇಳಿದೆ.

ಎಂಜಿನಿಯರ್ ರಿಂಗು ತರಿಸಿದರು. ಕಾಕಾ ತಾವೇ ತಂದರು, ಎಣ್ಣೆ ಬಟ್ಟೆಯ ಸಮೇತ. ಮರದ ಪೆಟ್ಟಿಗೆಯಲ್ಲಿ ರಿಂಗಿನ ಸವೆತ ನೋಡುವ ಒಂದು ಮಾಸ್ಟರ್ ಪಿನ್ನು ಇತ್ತು. ರಿಂಗು ಗಟ್ಟಿಯಿದ್ದರೆ ಅದು ಒಳಗೆ ಹೋಗಬಾರದು. ಎಂಜಿನಿಯರ್ ಅದನ್ನು ಕಾಕಾನ ಕೈಗೇ ಕೊಟ್ಟರು. ಕಾಕಾ ಹಾಕಿದರು. ಪೂರಾ ಹೋಯಿತು. ಕಾಕಾ ಅದನ್ನು ಆ ಕಡೆಯಿಂದ ಹೊರಗೆ ತೆಗೆದು ಒರೆಸಿ ಪೆಟ್ಟಿಗೆಯಲ್ಲಿಟ್ಟರು.

"ಈ ಅಂಕಿಗಳನ್ನು ಬರೆದವರು ಯಾರು?" ಎಂಜಿನಿಯರ್ ಉರ್ದುವಿನಲ್ಲಿ ಕೇಳಿದರು.

"ಮೈಂ ಲಿಖಾ ಸಾಬ್" ಅಂದರು ಕಾಕಾ. ನಾನು ಬರೆದೆ.

"ಹೀಗೆ ಬರೆಯಿರಿ ಅಂತ ಯಾರಾದರೂ ಹೇಳಿದರಾ?"

ಕಾಕಾನ ಜೇಬಿನಲ್ಲಿ ಚೀಟಿ ಇತ್ತು, ಅದರ ಮೂಲೆ ನನಗೆ ಕಾಣುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ. "ಕೋಯಿ ನೈ ಬೋಲಾ. ಅಪನೇ ಮನ್ ಸೇ ಲಿಖಾ" ಅಂದರು. ಯಾರೂ ಹೇಳಲಿಲ್ಲ, ನನ್ನ ಮನಸ್ಸಿನಿಂದ ಬರೆದೆ.

ಈಗ ನಾನು ಹೇಳಬೇಕಿತ್ತು. ಮೂರನೇ ಸಾಲು ಬ್ಯಾಗಿನೊಳಗೇ ಇತ್ತು, ಬಾಯಿಪಾಠವೂ ಆಗಿತ್ತು. ಬಾಯಿ ತೆರೆದೆ. ಮ್ಯಾನೇಜರ್, ಎಂಜಿನಿಯರ್ ಇಬ್ಬರೂ ನನ್ನತ್ತ ತಿರುಗಿದರು. "ಎರಡೂ ಲಾಟು ಇವತ್ತೇ ತಡೆಸಬೇಕು ಸರ್, ಎಷ್ಟು ಪಿನ್ನು ವಾಲ್ವಿಗೆ ಕೂರಿಸಿದ್ದೀರಿ ಅಂತ ಮೊದಲು ತಿಳಿಯಬೇಕು" ಅಂದೆ. ಎಂಜಿನಿಯರ್ ಹೌದೆಂದು ಫೋನಿನ ಕಡೆ ಎದ್ದರು. ಮಾತು ಅಲ್ಲಿಂದ ಮುಂದೆ ಹೋಗಿಬಿಟ್ಟಿತು. ಯಾವ ಡಬ್ಬಿ, ಯಾವ ನಂಬರು, ಯಾವ ದಿನ ಕಳಿಸಿದ್ದು. ನಾನು ಚುರುಕಾಗಿ ಉತ್ತರ ಕೊಡುತ್ತಾ ಹೋದೆ. ಅಷ್ಟು ಚುರುಕು ನಾನು ಎಂದೂ ಇರಲಿಲ್ಲ.

ಮಾಲು ವಾಪಸು ಬಂತು. ಒಂದೊಂದೂ ನಾನೇ ಅಳೆದೆ. ದಪ್ಪ ಪಿನ್ನು ಎರಡೂ ಲಾಟಿನಲ್ಲಿ ಇದ್ದವು, ನಾನು ಹೆದರಿದ್ದಷ್ಟಲ್ಲ, ಆದರೆ ಇದ್ದವು. ಒಂದು ಡಬ್ಬಿಯ ಪಿನ್ನುಗಳನ್ನು ವಾಲ್ವಿಗೆ ಕೂರಿಸಿಬಿಟ್ಟಿದ್ದರು. ವಾಲ್ವುಗಳು ಇನ್ನೂ ಅವರ ಗೋದಾಮಿನಲ್ಲೇ ಇದ್ದದ್ದು ನಮ್ಮ ಪುಣ್ಯ, ಬಿಚ್ಚಿಸಿ ತೆಗೆಸಿದರು. ಎರಡು ಮಷೀನಿಗೆ ಎರಡು ತೊಟ್ಟಿ ಆಯಿತು, ಎರಡು ಹಾಳೆ ಆಯಿತು. ಹೊಸ ರಿಂಗು ಬಂತು. ತಾನಾಗಿ ಹೇಳಿದ ಕಾರ್ಖಾನೆ ಅಂತ ಗಿರಾಕಿ ಕಂಪನಿ ನಮ್ಮನ್ನು ಬಿಡಲಿಲ್ಲ, ಮತ್ತು ತಾನಾಗಿ ಹೇಳಿದ ಹುಡುಗಿ ಅಂತ ನನಗೆ ಹೊಗಳಿಕೆ ಬಂತು. ಕಾಕಾನನ್ನು ಸ್ಟೋರ್ಸಿಗೆ ಹಾಕಿದರು. ರಿಟೈರಾಗಲು ಇನ್ನೆರಡು ವರ್ಷ ಇತ್ತು.

ಎಂಟು ದಿನ ತಡೆದು ಮ್ಯಾನೇಜರ್ ಮುಂದೆ ಹೋಗಿ ಮೂರನೇ ಸಾಲು ಹೇಳಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಈಗ ಅದನ್ನು ಹೇಳಿ ಯಾರಿಗೆ ಏನು ಬರಬೇಕಮ್ಮಾ? ಆ ತಪಾಸಣೆ ಮೇಜಿಗೆ ಒಬ್ಬರು ಬೇಕು. ಹೋಗಿ ಕೂತುಕೋ" ಅಂದರು. ಹೋಗಿ ಕೂತೆ. ಸುಳ್ಳು ಹೇಳಿ ಏನು ಪ್ರಯೋಜನ? ಅವರು ಬೇಡ ಅಂದಾಗ ನನಗೆ ಹಾಯೆನಿಸಿತು.

ಪಿನ್ನು ಒರೆಸುವ ಬಟ್ಟೆ ತರಲು ವಾರಕ್ಕೊಮ್ಮೆ ಸ್ಟೋರ್ಸಿಗೆ ಹೋಗಬೇಕು. ಮೊದಲ ಸಲ ಹೋದಾಗ ಕಾಕಾ ಸ್ಟೂಲಿನ ಮೇಲೆ ಕೂತು ಚೀಟಿಗಳನ್ನು ಜೋಡಿಸುತ್ತಿದ್ದರು. "ಕಾಕಾ, ಹ್ಯಾಂಗಿದ್ದೀರಿ? ಊಟಕ್ಕ ಬರವಲ್ರಿ ಆ ಕಡೆ?" ಅಂದೆ. ನನ್ನ ಕೈಯಿಂದ ಚೀಟಿ ತೆಗೆದುಕೊಂಡರು, ಓದಿದರು, ಬಟ್ಟೆಯ ಕಟ್ಟು ತಂದು ಕೌಂಟರಿನ ಮೇಲಿಟ್ಟರು. ರಿಜಿಸ್ಟರು ನನ್ನ ಕಡೆ ತಿರುಗಿಸಿದರು.

"ಇಧರ್ ದಸ್ತಖತ್ ಕರೋ, ಮೇಡಮ್" ಅಂದರು.

ನಾನು ಸಹಿ ಮಾಡಿ ಕಟ್ಟು ಎತ್ತಿಕೊಂಡೆ. ಅವರು ರಿಟೈರಾಗುವವರೆಗೂ ನಮ್ಮ ನಡುವೆ ಅಷ್ಟೇ ಮಾತು, ಅದೂ ಉರ್ದುವಿನಲ್ಲಿ.